ಗುಂಗು ಹಿಡಿಸುವ ಹಾಡುಗಳ ಒಳಕಟ್ಟು

ಎರಡು ಸಲ ಕಿವಿಗೆ ಬಿದ್ದ ಹಾಡೊಂದು ಕೇಳುಗರ ಅಪ್ಪಣೆಗೆ ಕಾಯದೆ ತಲೆಯೊಳಗೆ ತಿರುಗತೊಡಗಿ, ಪಾತ್ರೆ ತೊಳೆಯುವಾಗಲೂ ಬಸ್ಸಿಗೆ ಕಾಯುವಾಗಲೂ ಕಚೇರಿಯ ಲೆಕ್ಕ ಕೂಡಿಸುವಾಗಲೂ ನಾಲಿಗೆಯ ತುದಿಗೆ ಬಂದು ನಿಲ್ಲುವುದನ್ನು ಕನ್ನಡದಲ್ಲಿ ಗುಂಗು ಹಿಡಿಯುವುದು ಎನ್ನುತ್ತಾರೆ. ಜರ್ಮನ್ ಭಾಷೆಯಲ್ಲಿ ಇದಕ್ಕಿರುವ ಹೆಸರು 'ಓರ್‌ವುರ್ಮ್', ಅಂದರೆ ಕಿವಿಹುಳು; ಇಂಗ್ಲಿಷಿನವರು ಅದನ್ನೇ ಪದಶಃ ತಂದುಕೊಂಡು 'ಇಯರ್‌ವರ್ಮ್' ಮಾಡಿಕೊಂಡರು. ಹುಳುವಿಗಿಂತ ಗುಂಗು ಮೇಲಾದ ಪದ, ಏಕೆಂದರೆ ಅದರಲ್ಲಿ ದುಂಬಿಯ ಸದ್ದೂ ಇದೆ, ಅಮಲೂ ಇದೆ. 'ಜನಪ್ರಿಯ' ಎಂಬ ಅರ್ಥದ ಇಂಗ್ಲಿಷ್ ಪದವನ್ನು ಮೊಟಕುಮಾಡಿ ಪಾಪ್ ಎಂದು ಕರೆಯಲಾಗುವ ಸಂಗೀತಪ್ರಕಾರ ಈ ಗುಂಗನ್ನು ಆಕಸ್ಮಿಕಕ್ಕೆ ಬಿಟ್ಟಿಲ್ಲ. ಮೂರು ನಿಮಿಷದ ಅವಧಿಯಲ್ಲಿ ಅದನ್ನು ಹುಟ್ಟಿಸುವುದೇ ಅದರ ಕಸುಬು. 2024 ಮತ್ತು 2025ರಲ್ಲಿ ಬಂದ ಕೆಲವು ಹಾಡುಗಳು ಈ ಕಸುಬಿನ ಒಳ್ಳೆಯ ಮಾದರಿಗಳಾಗಿದ್ದು, ಸಪ್ಪೆಯಾದ ಒಂದು ವಾರಕ್ಕೆ ಒಗ್ಗರಣೆ ಹಾಕುವ ಶಕ್ತಿ ಅವುಗಳಿಗಿದೆ. ಅವುಗಳನ್ನು ಸುಮ್ಮನೆ ಕೇಳಿದರೂ ಸುಖವೇ. ಆದರೆ ಅವು ಹೇಗೆ ಕಟ್ಟಲ್ಪಟ್ಟಿವೆ ಎಂಬುದನ್ನು ಬಲ್ಲವರಿಗೆ ಆ ಸುಖ ತುಸು ಹೆಚ್ಚು ದೊರೆಯುತ್ತದೆ.

ಗುಂಗು ಹಿಡಿಸುವ ರಾಗಗಳ ಲಕ್ಷಣವನ್ನು ಮನಶ್ಶಾಸ್ತ್ರಜ್ಞರು ಗಂಭೀರವಾಗಿಯೇ ಅಭ್ಯಾಸಮಾಡಿದ್ದಾರೆ. ಕೆಲಿ ಯಾಕುಬೊವ್‌ಸ್ಕಿ ಮತ್ತು ಅವರ ಸಹಸಂಶೋಧಕರು ಸುಮಾರು 3,000 ಜನರನ್ನು ಅವರ ತಲೆಯಲ್ಲಿ ಮತ್ತೆಮತ್ತೆ ತಿರುಗುವ ಹಾಡು ಯಾವುದೆಂದು ಕೇಳಿ, ಹಾಗೆ ಹೆಸರಿಸಿದ ಹಾಡುಗಳನ್ನು ಅಷ್ಟೇ ಜನಪ್ರಿಯವಾಗಿದ್ದರೂ ಯಾರ ತಲೆಯಲ್ಲೂ ಅಂಟಿಕೊಳ್ಳದ ಹಾಡುಗಳೊಡನೆ ಹೋಲಿಸಿ, 2016ರಲ್ಲಿ ತಮ್ಮ ನಿಷ್ಕರ್ಷೆಯನ್ನು ಪ್ರಕಟಿಸಿದರು. ಅಂಟುವ ಹಾಡುಗಳ ನಡೆ ಕೊಂಚ ಚುರುಕು. ಅವುಗಳ ರಾಗದ ಏರಿಳಿತದ ಒಟ್ಟು ಆಕಾರ ತೀರಾ ಪರಿಚಿತ, ಅಂದರೆ ಅಂಗನವಾಡಿಯ ಮಕ್ಕಳೂ ಬಲ್ಲ 'ಟ್ವಿಂಕಲ್ ಟ್ವಿಂಕಲ್' ಪದ್ಯದಂತೆ ಮೊದಲು ಏರಿ ಆಮೇಲೆ ಇಳಿಯುವಂಥದು. ಆದರೆ ಆ ಪರಿಚಿತ ಆಕಾರದ ನಡುವೆ ಎಲ್ಲೋ ಒಂದೆಡೆ ನಿರೀಕ್ಷೆಗೆ ಮೀರಿದ ಒಂದು ಸ್ವರಜಿಗಿತವೋ, ಅತಿಯೆನಿಸುವಷ್ಟು ಪುನರಾವರ್ತನೆಯೋ ಇರುತ್ತದೆ. ನುಣುಪಾದ ಗೋಡೆಯಲ್ಲಿ ಒಂದೇ ಒಂದು ಮೊಳೆ ಎದ್ದು ನಿಂತಿದ್ದರೆ ಅಂಗಿ ಅದಕ್ಕೇ ಸಿಕ್ಕಿಕೊಳ್ಳುವಂತೆ ಮನಸ್ಸು ಆ ಜಾಗಕ್ಕೆ ಸಿಕ್ಕಿಕೊಳ್ಳುತ್ತದೆ. ಪಾಪ್ ವೃತ್ತಿಯವರು ಈ ಜಾಗವನ್ನು 'ಹುಕ್' ಎನ್ನುತ್ತಾರೆ. ಕನ್ನಡದಲ್ಲಿ ಕೊಕ್ಕೆ ಎಂದರೆ ಸರಿಹೋಗುತ್ತದೆ. ಗುಂಗನ್ನು ಬಿಡಿಸಿಕೊಳ್ಳುವ ಉಪಾಯವನ್ನೂ ಸಂಶೋಧಕರು ಹುಡುಕದೆ ಬಿಟ್ಟಿಲ್ಲ: 2015ರಲ್ಲಿ ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಪ್ರಯೋಗವೊಂದು ಚೂಯಿಂಗ್ ಗಮ್ ಜಗಿಯುವವರ ತಲೆಯಲ್ಲಿ ಹಾಡು ತಿರುಗುವುದು ಕಡಿಮೆಯಾಗುತ್ತದೆಂದು ತೋರಿಸಿತು, ಏಕೆಂದರೆ ತಲೆಯೊಳಗೆ ಗುನುಗಲೂ ದವಡೆ ಮತ್ತು ನಾಲಿಗೆಯ ಚಲನೆಯನ್ನು ಆಳುವ ವ್ಯವಸ್ಥೆಯೇ ಬೇಕು. ಊಟದ ನಂತರ ಎಲೆಅಡಿಕೆ ಹಾಕಿಕೊಳ್ಳುವವರಿಗೆ ಈ ಚಿಕಿತ್ಸೆ ಪುಕ್ಕಟೆ.

ಕನ್ನಡದ ಕೇಳುಗರು ಪಾಶ್ಚಾತ್ಯ ಪಾಪ್ ಹಾಡನ್ನು ಕೇಳುವಾಗ ಗಮನಿಸಬೇಕಾದ ಒಂದು ರಚನಾಭೇದವಿದೆ. ಕೃತಿಯಾಗಲಿ ಭಾವಗೀತೆಯಾಗಲಿ ಸಿನಿಮಾ ಹಾಡಾಗಲಿ, ನಮ್ಮಲ್ಲಿ ಸಾಮಾನ್ಯವಾಗಿ ಪಲ್ಲವಿ ಮೊದಲು ಬರುತ್ತದೆ. ಹಾಡಿನ ಅತ್ಯಂತ ಆಕರ್ಷಕ ಸಾಲು ಆರಂಭದಲ್ಲೇ ಕೈಗೆ ಸಿಕ್ಕಿ, ಚರಣಗಳನ್ನು ಸುತ್ತಿ ಬಂದಾಗಲೆಲ್ಲ ಮನೆಗೆ ಮರಳಿದ ನೆಮ್ಮದಿ ಕೊಡುತ್ತದೆ. ಪಾಪ್ ಹಾಡಿನಲ್ಲಿ ಮೊದಲು ಬರುವುದು 'ವರ್ಸ್', ಅಂದರೆ ತಗ್ಗಿದ ದನಿಯಲ್ಲಿ ಕತೆ ಹೇಳುವ ಚರಣ. ಆಮೇಲೆ 'ಪ್ರೀ-ಕೋರಸ್' ಎಂಬ ಮೆಟ್ಟಿಲು, ಅಲ್ಲಿ ಉದ್ವೇಗ ಏರುತ್ತದೆ. ಅನಂತರವೇ 'ಕೋರಸ್', ಎಂದರೆ ಪಲ್ಲವಿ. ನಮ್ಮ ಪಲ್ಲವಿ ಬರಮಾಡಿಕೊಳ್ಳುವ ಹೆಬ್ಬಾಗಿಲಾದರೆ ಅವರ ಕೋರಸ್ ಕಾಯಿಸಿ ತೆರೆಯುವ ಗರ್ಭಗುಡಿಯ ಬಾಗಿಲು. ಎರಡು ಕೋರಸ್‌ಗಳ ನಂತರ 'ಬ್ರಿಡ್ಜ್' ಎಂಬ ಹೊಸ ರಾಗದ ತುಣುಕೊಂದು ಬಂದು ಕಿವಿಯ ಜಡ್ಡನ್ನು ಒರೆಸಿ, ಕೊನೆಯ ಕೋರಸ್‌ಗೆ ಮತ್ತೆ ಹಸಿವು ಹುಟ್ಟಿಸುತ್ತದೆ. ಇತ್ತೀಚೆಗೆ ಈ ಕಾಯಿಸುವಿಕೆ ತೀರಾ ಮೊಟಕಾಗಿದೆ. ಸ್ಪಾಟಿಫೈ ಆ್ಯಪಿನಲ್ಲಿ ಹಾಡೊಂದನ್ನು 30 ಸೆಕೆಂಡು ಕೇಳಿದರೆ ಮಾತ್ರ ಅದು ಒಂದು ಕೇಳಿಕೆಯೆಂದು ಲೆಕ್ಕಕ್ಕೆ ಬರುವುದರಿಂದ, ಕೇಳುಗರು ಬೆರಳಾಡಿಸಿ ಮುಂದಿನದಕ್ಕೆ ಜಾರುವ ಮೊದಲೇ ಕೊಕ್ಕೆ ಹಾಕಬೇಕಾದ ಒತ್ತಡ ರಚನಕಾರರ ಮೇಲಿದೆ.

ಈ ಕಸುಬಿಗೆ ಇಂದಿನ ರೂಪ ಬಂದದ್ದು ಅಮೆರಿಕದಲ್ಲಿ ಎನ್ನುವುದಕ್ಕಿಂತ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಎನ್ನುವುದು ಹೆಚ್ಚು ಸರಿ. 1974ರಲ್ಲಿ 'ಆಬಾ' ತಂಡ ಯೂರೋವಿಷನ್ ಸ್ಪರ್ಧೆಯನ್ನು ಗೆದ್ದು ದಾರಿ ತೋರಿಸಿತ್ತಾದರೂ, ಹಾಡು ಕಟ್ಟುವುದನ್ನು ಒಂದು ಕಾರ್ಖಾನೆಯಂತೆ ಸಂಘಟಿಸಿದವನು ಡೆನಿಜ್ ಪಾಪ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಡಾಗ್ ವೊಲೆ. ಆತ ಯಾವ ವಾದ್ಯವನ್ನೂ ಶಾಸ್ತ್ರೋಕ್ತವಾಗಿ ಕಲಿತವನಲ್ಲ, ನೃತ್ಯಶಾಲೆಗಳಲ್ಲಿ ತಟ್ಟೆ ತಿರುಗಿಸುತ್ತಿದ್ದ ಡಿಜೆ. ಯಾವ ಕ್ಷಣದಲ್ಲಿ ಜನ ಕುಣಿಯಲು ಏಳುತ್ತಾರೆ, ಯಾವಾಗ ಕುರ್ಚಿಗೆ ಮರಳುತ್ತಾರೆ ಎಂಬುದನ್ನು ಕಣ್ಣಾರೆ ಕಂಡು ಕಲಿತವನು. 'ಏಸ್ ಆಫ್ ಬೇಸ್' ಎಂಬ ಆಗಿನ್ನೂ ಅಜ್ಞಾತವಾಗಿದ್ದ ತಂಡ ಕಳುಹಿಸಿದ ಕ್ಯಾಸೆಟ್ ಆತನ ಕಾರಿನ ಪ್ಲೇಯರಿನಲ್ಲಿ ಸಿಕ್ಕಿಕೊಂಡು ಹೊರಬರದೆ, ಹೋಗುವಾಗ ಬರುವಾಗ ಅದೇ ಹಾಡನ್ನು ಕೇಳಬೇಕಾಗಿ ಬಂದು, ಮೊದಲು ಹಿಡಿಸದ ಆ ರಾಗ ಕ್ರಮೇಣ ಹಿಡಿಸಿತೆಂಬ ಕತೆ ಪಾಪ್ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಆ ಹಾಡೇ 1992ರಲ್ಲಿ 'ಆಲ್ ದಟ್ ಶಿ ವಾಂಟ್ಸ್' ಆಗಿ ಹೊರಬಂದು ಯುರೋಪಿನ ಉದ್ದಗಲಕ್ಕೂ ಮೊಳಗಿತು. ಕೆಟ್ಟ ಕ್ಯಾಸೆಟ್ ಪ್ಲೇಯರು ಮಾಡಿದ ಈ ಕೆಲಸವನ್ನು ರಾಬರ್ಟ್ ಝಾಯಾಂಕ್ ಎಂಬ ಮನಶ್ಶಾಸ್ತ್ರಜ್ಞ 1968ರಷ್ಟು ಹಿಂದೆಯೇ ಪ್ರಯೋಗದಿಂದ ಸ್ಥಾಪಿಸಿದ್ದ: ಅರ್ಥವೇ ಇಲ್ಲದ ಪದಗಳನ್ನು, ಗುರುತಿಲ್ಲದ ಲಿಪಿಯ ಅಕ್ಷರಗಳನ್ನು ಕೂಡ ಹೆಚ್ಚು ಸಲ ಕಂಡಷ್ಟೂ ಜನ ಹೆಚ್ಚು ಮೆಚ್ಚುತ್ತಾರೆ. ಪದೇಪದೇ ಕೇಳಿಸಿದ್ದರಿಂದ ಹಿಡಿಸಿತೋ, ಹಿಡಿಸಿದ್ದರಿಂದ ಪದೇಪದೇ ಕೇಳಿದ್ದೋ ಎಂಬ ಪ್ರಶ್ನೆಗೆ ಪಾಪ್ ಸಂಗೀತದಲ್ಲಿ ಬಹುಪಾಲು ಉತ್ತರ ಮೊದಲನೆಯದೇ.

ಡೆನಿಜ್ ಪಾಪ್ ಸ್ಥಾಪಿಸಿದ ಕೈರಾನ್ ಸ್ಟುಡಿಯೋದಲ್ಲಿ ಕೆಲಸ ಕಲಿತವರಲ್ಲಿ ಮುಖ್ಯನಾದವನು ಕಾರ್ಲ್ ಮಾರ್ಟಿನ್ ಸಾಂಡ್‌ಬರ್ಗ್, ಅರ್ಥಾತ್ ಮ್ಯಾಕ್ಸ್ ಮಾರ್ಟಿನ್. 1971ರಲ್ಲಿ ಹುಟ್ಟಿದ ಈತ ಮೊದಲು ಹೆವಿ ಮೆಟಲ್ ತಂಡವೊಂದರ ಗಾಯಕನಾಗಿದ್ದ; ತನ್ನ ಏಳಿಗೆಗೆ ಸ್ವೀಡನ್ನಿನ ಸಾರ್ವಜನಿಕ ಸಂಗೀತ ಶಿಕ್ಷಣವೇ ಕಾರಣವೆಂದು ಈತ ಹೇಳಿಕೊಂಡದ್ದುಂಟು. ಆ ದೇಶದಲ್ಲಿ ಮಕ್ಕಳಿಗೆ ವಾದ್ಯ ಕಲಿಸುವ ಶಾಲೆಗಳನ್ನು ಊರಿನ ಪುರಸಭೆಗಳೇ ನಡೆಸುತ್ತವೆ ಎಂಬುದು ಇಲ್ಲಿ ನೆನೆಯತಕ್ಕ ಸಂಗತಿ. 35ರ ವಯಸ್ಸಿಗೇ ಡೆನಿಜ್ ಪಾಪ್ 1998ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ; ಅದೇ ವರ್ಷ ಬ್ರಿಟ್ನಿ ಸ್ಪಿಯರ್ಸ್‌ಳ ಮೊದಲ ಹಾಡಿನಿಂದ ಮಾರ್ಟಿನ್‌ನ ಹೆಸರು ಜಗತ್ತಿಗೆ ತಿಳಿಯಿತು. ಅಂದಿನಿಂದ 2019ರ 'ಬ್ಲೈಂಡಿಂಗ್ ಲೈಟ್ಸ್'ವರೆಗೆ, ಅದರಾಚೆಗೂ, ಜನಪ್ರಿಯ ಹಾಡುಗಳನ್ನು ಅಳೆಯುವ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿದ 25ಕ್ಕೂ ಹೆಚ್ಚು ಹಾಡುಗಳಲ್ಲಿ ಆತನ ಕೈಯಿದೆ.

ಮ್ಯಾಕ್ಸ್ ಮಾರ್ಟಿನ್‌ನ ವಿಧಾನಕ್ಕೆ 'ಮೆಲಾಡಿಕ್ ಮ್ಯಾತ್', ಅಂದರೆ ರಾಗದ ಗಣಿತ ಎಂಬ ಹೆಸರು ಅಂಟಿಕೊಂಡಿದೆ. ಮೊದಲ ಸಾಲಿನಲ್ಲಿ ಎಷ್ಟು ಅಕ್ಷರಗಳಿವೆಯೋ ಅದಕ್ಕೆ ಜೊತೆಯಾದ ಸಾಲಿನಲ್ಲೂ ಅಷ್ಟೇ ಇರಬೇಕು, ಏರಿದ ರಾಗ ಅದೇ ಅಳತೆಯಲ್ಲಿ ಇಳಿಯಬೇಕು, ಚರಣ ಗಿಜಿಗುಟ್ಟಿದ್ದರೆ ಕೋರಸ್ ಹರಡಿ ನಿಲ್ಲಬೇಕು. ಅರ್ಥ ತುಸು ವಾಲಿದರೂ ಚಿಂತೆಯಿಲ್ಲ, ಲಯ ವಾಲಬಾರದು. ಮಾತ್ರಾಗಣ ಎಣಿಸಿ ಷಟ್ಪದಿ ಕಟ್ಟಿದ ಭಾಷೆಯವರಿಗೆ ಇದು ಹೊಸ ವಿದ್ಯೆಯೇನೂ ಅಲ್ಲ. ಟ್ಯೂನು ಮೊದಲು ಸಿದ್ಧವಾಗಿ, ಡಮ್ಮಿ ಸಾಹಿತ್ಯದ ಜಾಗದಲ್ಲಿ ಪದ ಕೂರಿಸುವ ಕನ್ನಡ ಚಿತ್ರಗೀತೆಯ ಸಾಹಿತಿಗಳಿಗಂತೂ ಇದು ನಿತ್ಯದ ಪಾಡು. ಎಲ್ಲ ಒಳ್ಳೆಯ ಹಾಡೂ ಈ ಗಣಿತಕ್ಕೆ ಬಗ್ಗುತ್ತದೆಂದೇನಿಲ್ಲ. ನ್ಯೂಜಿಲೆಂಡಿನ ಗಾಯಕಿ ಲಾರ್ಡ್ 2017ರಲ್ಲಿ ಹೊರತಂದ 'ಗ್ರೀನ್ ಲೈಟ್' ಹಾಡನ್ನು ಕೇಳಿದ ಮಾರ್ಟಿನ್ ಅದನ್ನು ತಪ್ಪು ರಚನೆ ಎಂದು ಗುರುತಿಸಿದ್ದನ್ನು ಆಕೆಯೇ ಮುಂದೆ ಹೇಳಿಕೊಂಡಳು. ಬೈಗುಳವಾಗಿಯಲ್ಲ, ವ್ಯಾಕರಣದ ದೋಷ ತೋರಿಸುವ ಪಂಡಿತನ ನಿರ್ಲಿಪ್ತಿಯಲ್ಲಿ. ಆ ಹಾಡು ಇಂದಿಗೂ ಕೇಳುವಂತಿದೆ ಎಂಬುದು ಬೇರೆ ಮಾತು.

ಇನ್ನು ಮೊದಲು ಹೇಳಿದ ಇತ್ತೀಚಿನ ಹಾಡುಗಳಿಗೆ ಬಂದರೆ, ವಾರದ ಆರಂಭಕ್ಕೆ ಹೇಳಿಮಾಡಿಸಿದ ಹಾಡು ಅಮೆರಿಕದ ಸಬ್ರಿನಾ ಕಾರ್ಪೆಂಟರ್ 2024ರ ಏಪ್ರಿಲ್‌ನಲ್ಲಿ ಹೊರತಂದ 'ಎಸ್ಪ್ರೆಸೊ'. ತನ್ನ ನೆನಪೇ ಪ್ರಿಯಕರನಿಗೆ ನಿದ್ದೆಗೆಡಿಸುವ ಕಾಫಿಯಾಗಿದೆ ಎಂಬಷ್ಟೇ ಇದರ ವಸ್ತು. ಮೂರು ನಿಮಿಷ ತುಂಬುವ ಮೊದಲೇ ಮುಗಿಯುವ, 1970ರ ದಶಕದ ಕೊನೆಯ ಡಿಸ್ಕೊ ನೃತ್ಯಸಂಗೀತದ ಹದವಿರುವ, ನಿಮಿಷಕ್ಕೆ ಸುಮಾರು 104 ತಾಳದ ಪೆಟ್ಟು ಬೀಳುವ, ಎಂದರೆ ಬಿರುಸಾಗಿ ನಡೆಯುವವರ ಹೆಜ್ಜೆಗೆ ಹೊಂದುವ ಹಾಡು ಇದು. ಇದರ ಕೊಕ್ಕೆಯಿರುವುದು ರಾಗದಲ್ಲಲ್ಲ, ವ್ಯಾಕರಣದಲ್ಲಿ: ಕೋರಸ್‌ನ ಮುಖ್ಯ ಸಾಲಿನಲ್ಲಿ ಸರ್ವನಾಮವೊಂದು ಇಂಗ್ಲಿಷ್ ವಾಕ್ಯದಲ್ಲಿ ಎಂದೂ ಕೂರಬಾರದ ಜಾಗದಲ್ಲಿ ಕೂತಿದೆ. ಕೇಳಿದವರು ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ, ಅರ್ಥಮಾಡಿಕೊಳ್ಳಲು ಇನ್ನೊಮ್ಮೆ ಕೇಳುತ್ತಾರೆ, ಅಷ್ಟರಲ್ಲಿ ಹಾಡು ಒಳಗೆ ಇಳಿದಿರುತ್ತದೆ. ಆ ವರ್ಷ ಸ್ಪಾಟಿಫೈನಲ್ಲಿ ಜಗತ್ತಿನಾದ್ಯಂತ ಅತಿ ಹೆಚ್ಚು ಕೇಳಲಾದ ಹಾಡು ಇದೇ ಆಯಿತು. ಬೆಳಗಿನ ಫಿಲ್ಟರ್ ಕಾಫಿಗೆ ಇದು ಬದಲಿಯಲ್ಲ, ಜೊತೆಗಿಟ್ಟುಕೊಳ್ಳಲು ಅಡ್ಡಿಯಿಲ್ಲ.

ಈ ಹಾಡುಗಳಲ್ಲಿ ಹತ್ತಿರದಿಂದ ನೋಡತಕ್ಕದ್ದೆಂದರೆ 2024ರ ಅಕ್ಟೋಬರ್ 18ರಂದು ಬಂದ 'ಎಪಿಟಿ'. ದಕ್ಷಿಣ ಕೊರಿಯಾದ 'ಬ್ಲ್ಯಾಕ್‌ಪಿಂಕ್' ತಂಡದ ರೋಸೆ ಮತ್ತು ಅಮೆರಿಕದ ಬ್ರೂನೊ ಮಾರ್ಸ್ ಕೂಡಿ ಹಾಡಿದ ಈ ಹಾಡಿನ ಹೆಸರು ಅಪಾರ್ಟ್‌ಮೆಂಟ್ ಎಂಬ ಇಂಗ್ಲಿಷ್ ಪದ ಕೊರಿಯನ್ನರ ಬಾಯಲ್ಲಿ 'ಅಪಾಟು' ಆಗಿ ಬದಲಾದುದರ ಮೊಟಕು ರೂಪ. ಹಾಡಿನ ಮೂಲ ಕೊರಿಯಾದ ಯುವಕರು ಕುಡಿಯುವ ಕೂಟಗಳಲ್ಲಿ ಆಡುವ ಒಂದು ಆಟ: ಸುತ್ತ ಕೂತವರೆಲ್ಲ 'ಅಪಾಟು, ಅಪಾಟು' ಎಂದು ಲಯಬದ್ಧವಾಗಿ ಕೂಗುತ್ತ ಅಂಗೈಗಳನ್ನು ಒಂದರ ಮೇಲೊಂದು ಮಹಡಿಗಳಂತೆ ಪೇರಿಸುತ್ತಾರೆ; ಮುಂದಾಳು ಒಂದು ಸಂಖ್ಯೆ ಹೇಳುತ್ತಾನೆ; ಕೆಳಗಿನ ಕೈಯಿಂದ ಆರಂಭಿಸಿ ಒಂದೊಂದನ್ನೇ ಎಳೆದು ಮೇಲಿಡುತ್ತ ಎಣಿಸಿದಾಗ ಆ ಸಂಖ್ಯೆಯ ಮಹಡಿ ಯಾರ ಕೈಯೋ ಅವರು ಕುಡಿಯಬೇಕು. ಮಕ್ಕಳ ಎಣಿಕೆಯ ಪದ್ಯಗಳನ್ನು ಬಲ್ಲವರಿಗೆ ಇದರ ಗುಟ್ಟು ತಾನಾಗಿ ತಿಳಿಯುತ್ತದೆ. ಆಟದ ಕೂಗು ಎಂಬುದು ಯಾವ ಸಂಗೀತಜ್ಞಾನವೂ ಇಲ್ಲದವರ ಬಾಯಲ್ಲಿ ತಲೆಮಾರುಗಳಿಂದ ಉಜ್ಜಿ ನುಣುಪಾದದ್ದು. ಅದನ್ನು ಕೋರಸ್ ಮಾಡಿಕೊಂಡವರಿಗೆ ಅರ್ಧ ಕೆಲಸ ಮೊದಲೇ ಮುಗಿದಿರುತ್ತದೆ.

ಹಾಡಿನ ಮಿಕ್ಕರ್ಧವೂ ಹಳೆಯ ಸಾಮಾನಿನಿಂದಲೇ ಬಂದಿದೆ. ತಮಟೆ ಬಡಿದಂತೆ ಕೇಳುವ ಅದರ ಲಯ, ಮೆರವಣಿಗೆಯ ಘೋಷಣೆಯಂತಿರುವ ಕೂಗು ಅಮೆರಿಕದ ಟೋನಿ ಬೇಸಿಲ್ ಹಾಡಿದ 'ಮಿಕಿ' ಎಂಬ 1980ರ ದಶಕದ ಆರಂಭದ ಹಾಡಿನಿಂದ ಎರವಲು ಪಡೆದವು. ಹೀಗೆ ಹಳೆಯ ಧ್ವನಿಮುದ್ರಿಕೆಯನ್ನು ನೇರವಾಗಿ ಕತ್ತರಿಸಿ ಅಂಟಿಸದೆ ಅದರ ರಾಗಭಾಗವನ್ನು ಹೊಸದಾಗಿ ಹಾಡಿಸಿ ಬಳಸುವುದನ್ನು 'ಇಂಟರ್‌ಪೊಲೇಷನ್' ಎನ್ನುತ್ತಾರೆ, ಮತ್ತು ಮೂಲ ರಚನಕಾರರ ಹೆಸರನ್ನೂ ಪಾಲನ್ನೂ ಹೊಸ ಹಾಡಿನಲ್ಲಿ ಕಾಣಿಸಬೇಕಾಗುತ್ತದೆ. ಆ 'ಮಿಕಿ' ಕೂಡ ಸ್ವಂತದ್ದಲ್ಲ, ಅದಕ್ಕೆ ಮುಂಚೆ ಬ್ರಿಟನ್ನಿನ 'ರೇಸಿ' ತಂಡ 'ಕಿಟಿ' ಎಂಬ ಹೆಸರಿನಲ್ಲಿ ಹಾಡಿದ್ದ ಗೀತೆಯ ಮರುರೂಪ. ಬ್ರಿಟನ್ನಿನಿಂದ ಅಮೆರಿಕಕ್ಕೆ, ಅಲ್ಲಿಂದ ಸೋಲ್ ನಗರದ ಕುಡಿತದ ಮೇಜಿಗೆ ನಲವತ್ತಕ್ಕೂ ಹೆಚ್ಚು ವರ್ಷ ಪಯಣಿಸಿದ ಲಯವೊಂದು ಹೊಸದೆಂಬಂತೆ ಕೇಳಿಸುತ್ತಿದೆ. ಇದರ ಗದ್ದಲದಲ್ಲಿ ಕೊರಿಯಾದವರು ಯೂನ್ ಸೂಇಲ್ 1982ರಲ್ಲಿ ಹಾಡಿದ್ದ 'ಅಪಾರ್ಟ್‌ಮೆಂಟ್' ಎಂಬ ತಮ್ಮ ಹಳೆಯ ಹಾಡನ್ನೂ ಹುಡುಕಿ ಕೇಳತೊಡಗಿದರು, ಎರಡಕ್ಕೂ ಹೆಸರಿನ ಹೊರತು ಸಂಬಂಧವಿಲ್ಲದಿದ್ದರೂ. ಈ ಹಾಡಿಗೆ ಸಾಹಿತ್ಯವಾಗಿ ಹೆಚ್ಚಿನ ಬೆಲೆಯಿಲ್ಲ, ಅದು ಬೇಡುವುದೂ ಇಲ್ಲ. ಐದು ಜನ ಸೇರಿದಲ್ಲಿ ಹಾಕಿದರೆ ಆರನೆಯವರನ್ನು ಎಬ್ಬಿಸುವ ಗುಣ ಅದಕ್ಕಿದೆ.

ಅದೇ ಕೊರಿಯನ್ ಸಂಗೀತದ ಇನ್ನೊಂದು ಮುಖ 2025ರ ಜೂನ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ಕೆಪಾಪ್ ಡೀಮನ್ ಹಂಟರ್ಸ್' ಎಂಬ ಅನಿಮೇಷನ್ ಚಿತ್ರದ 'ಗೋಲ್ಡನ್'. ಚಿತ್ರದಲ್ಲಿ ಮೂವರು ಹುಡುಗಿಯರ ಕಾಲ್ಪನಿಕ ತಂಡ ಹಾಡುವ ಈ ಹಾಡಿಗೆ ದನಿಯಾದವರು ಈಜೆ, ಆಡ್ರಿ ನೂನಾ ಮತ್ತು ರೇ ಆಮಿ. ರಚನೆಯಲ್ಲೂ ಪಾಲುಗೊಂಡ ಈಜೆ ದಂತವೈದ್ಯರ ಬಳಿಗೆ ಹೋಗುವ ದಾರಿಯಲ್ಲಿ ಅದರ ರಾಗವನ್ನು ಗುನುಗಿ ಫೋನಿನಲ್ಲಿ ಮುದ್ರಿಸಿಕೊಂಡಿದ್ದಳು. ಚಿಕ್ಕಂದಿನಿಂದ ವರ್ಷಗಟ್ಟಲೆ ಕೊರಿಯಾದ ಸಂಗೀತ ಸಂಸ್ಥೆಯೊಂದರಲ್ಲಿ ತರಬೇತಿ ಪಡೆದೂ ವೇದಿಕೆಗೆ ಬರುವ ಅವಕಾಶ ಸಿಗದ ಗಾಯಕಿ ಈಕೆ ಎಂಬುದನ್ನು ತಿಳಿದು ಕೇಳಿದರೆ, ಕೋರಸ್‌ನಲ್ಲಿ ದನಿ ತಾರಸ್ಥಾಯಿಯಲ್ಲಿ ಮೆಟ್ಟಿಲ ಮೇಲೆ ಮೆಟ್ಟಿಲು ಹತ್ತಿ, ಇನ್ನು ಸಾಕು ಎನ್ನುವಾಗ ಇನ್ನೂ ಒಂದು ಹತ್ತುವುದರ ಅರ್ಥ ಬೇರೆಯಾಗುತ್ತದೆ. ಜೊತೆಗೆ ಹಾಡಲು ಹೊರಟವರ ಗಂಟಲು ಅಲ್ಲೇ ಕೈಕೊಡುತ್ತದೆ, ಕೊಕ್ಕೆಯೂ ಅದೇ. ಎಂಟು ವಾರ ಬಿಲ್‌ಬೋರ್ಡ್ ಪಟ್ಟಿಯ ತುದಿಯಲ್ಲಿದ್ದ ಈ ಹಾಡು ಮಕ್ಕಳಿರುವ ಮನೆಗಳಲ್ಲಿ ಈಗಾಗಲೇ ಸಾಕುಸಾಕೆನಿಸಿರಲೂಬಹುದು.

ಅಮೆರಿಕದ ಗಾಯಕಿ ಬಿಲ್ಲಿ ಐಲಿಶ್ ತನ್ನ ಅಣ್ಣ ಫಿನಿಯಸ್‌ನೊಡನೆ ಕಟ್ಟಿ 2024ರ ಮೇ ತಿಂಗಳಲ್ಲಿ ಹೊರತಂದ 'ಬರ್ಡ್ಸ್ ಆಫ್ ಎ ಫೆದರ್' ಇದಕ್ಕೆ ವಿರುದ್ಧ ದಿಕ್ಕಿನದು. ತೊಟ್ಟಿಲು ತೂಗಿದಂತಹ ಹಿತವಾದ ರಾಗದ ಕೆಳಗೆ ಸಾವಿನ, ಕೊಳೆಯುವ ದೇಹದ ಮಾತುಗಳಿವೆ. ಮಾತು ಗಮನಿಸದವರಿಗೆ ಪ್ರೇಮಗೀತೆ, ಗಮನಿಸಿದವರಿಗೂ ಪ್ರೇಮಗೀತೆಯೇ, ಆದರೆ ತುಸು ನಡುಕದೊಡನೆ. ಮಳೆಯ ಸಂಜೆಗೆ ಇದು ಸಾಕು.

ಕರ್ನಾಟಕಕ್ಕೂ ಈ ಲೋಕಕ್ಕೂ ನೇರವಾದ ಒಂದು ತಾಗುವಿಕೆ 2025ರ ಫೆಬ್ರವರಿ 9ರಂದು ನಡೆಯಿತು. ಸಂಗೀತ ಕಛೇರಿಗಾಗಿ ಬೆಂಗಳೂರಿಗೆ ಬಂದಿದ್ದ ಇಂಗ್ಲೆಂಡಿನ ಗಾಯಕ ಎಡ್ ಶೀರನ್ ಅಂದು ಬೆಳಿಗ್ಗೆ ಚರ್ಚ್ ಸ್ಟ್ರೀಟಿನ ಪಾದಚಾರಿ ಮಾರ್ಗದಲ್ಲಿ ಗಿಟಾರು ಹಿಡಿದು ಹಾಡುತ್ತಿದ್ದಾಗ ಪೊಲೀಸರೊಬ್ಬರು ಬಂದು ಮೈಕಿನ ತಂತಿ ಕಿತ್ತ ದೃಶ್ಯ ಆ ವಾರವೆಲ್ಲ ಜಗತ್ತಿನ ಫೋನುಗಳಲ್ಲಿ ಓಡಾಡಿತು. ಕೆಲವೇ ತಿಂಗಳಲ್ಲಿ ಅದೇ ಗಾಯಕ ಅರಿಜಿತ್ ಸಿಂಗ್ ದನಿಗೂಡಿಸಿದ, ಪಂಜಾಬಿ ಸಾಲುಗಳಿರುವ 'ಸಫೈರ್' ಹೊರತಂದ. ಅದಕ್ಕಿಂತ ಎರಡು ತಿಂಗಳು ಮುಂಚೆ ಬಂದ 'ಅಜೀಜಂ' ಮಾತ್ರ ಅದಕ್ಕಿಂತ ಗಟ್ಟಿಯಾದ ಕಟ್ಟಡ. ಪಾರ್ಸಿ ಭಾಷೆಯಲ್ಲಿ 'ನನ್ನ ಪ್ರಿಯೆ' ಎಂಬ ಅರ್ಥದ ಈ ಹಾಡನ್ನು ನಿರ್ಮಿಸಿದವನು ಇರಾನಿ ಮೂಲದ ಸ್ವೀಡನ್ನಿನ ಇಲ್ಯಾ ಸಾಲ್ಮನ್‌ಜಾದೆ, ಮ್ಯಾಕ್ಸ್ ಮಾರ್ಟಿನ್‌ನ ಬಳಗದವನು. ರಚನೆಯಲ್ಲಿ ಸೇರಿದ ಸವನ್ ಕೋಟೇಚಾ ಅದೇ ಬಳಗದೊಡನೆ ಪಳಗಿದ, ಭಾರತೀಯ ಮೂಲದ ಅಮೆರಿಕನ್ನ. ಮದುವೆಮನೆಯ ಕುಣಿತದ ಇರಾನಿ ಲಯವನ್ನು ಸ್ಟಾಕ್‌ಹೋಮ್‌ನ ಗಣಿತಕ್ಕೆ ಒಗ್ಗಿಸಿದ ಈ ಹಾಡಿನಲ್ಲಿ, ಇಂಗ್ಲಿಷ್ ಸಾಲುಗಳ ನಡುವೆ ಮರಳಿ ಮರಳಿ ಬರುವ ಆ ಒಂದೇ ಪಾರ್ಸಿ ಪದ ಕೊಕ್ಕೆಯ ಕೆಲಸ ಮಾಡುತ್ತದೆ. ಉರ್ದು ಕಿವಿಗೆ ಬಿದ್ದು ಅಭ್ಯಾಸವಿರುವ ಬೀದರ್–ಕಲಬುರಗಿಯ ಕೇಳುಗರಿಗೆ ಅದು ಪರಕೀಯವೆನಿಸಲಾರದು.

ಕೊನೆಗೆ ಉಳಿಯುವುದು, ಮತ್ತು ಈ ಗುಂಪಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಲ ಬಾಳುವಂತೆ ತೋರುವುದು, ಅಮೆರಿಕದ ಮಿಸೌರಿ ರಾಜ್ಯದ ಸಣ್ಣ ಊರಿನಿಂದ ಬಂದ ಚ್ಯಾಪೆಲ್ ರೋನ್ 2024ರ ಏಪ್ರಿಲ್‌ನಲ್ಲಿ ಹಾಡಿದ 'ಗುಡ್ ಲಕ್, ಬೇಬ್!' ಹೆಣ್ಣೊಬ್ಬಳನ್ನು ಪ್ರೀತಿಸಿಯೂ ಅದನ್ನು ತನಗೆ ತಾನೇ ಒಪ್ಪಿಕೊಳ್ಳದೆ ಲೋಕದ ರೂಢಿಯ ಮದುವೆಯತ್ತ ಹೊರಟವಳಿಗೆ, ಬಿಟ್ಟುಹೋಗಲ್ಪಟ್ಟವಳು ಹೇಳುವ ಕಹಿಯಾದ ಶುಭಾಶಯ ಇದು. 1980ರ ದಶಕದ ಸಿಂಥಸೈಜರ್ ನಾದದ ಹಿನ್ನೆಲೆ, ಚರಣದಲ್ಲಿ ತಣ್ಣಗಿನ ವ್ಯಂಗ್ಯ, ಕೋರಸ್‌ನಲ್ಲಿ ಎದೆಯ ದನಿಯಿಂದ ತಟ್ಟನೆ ತೆಳುವಾದ ಎತ್ತರದ ಕಳ್ಳದನಿಗೆ ಜಿಗಿತ, ಎಲ್ಲವೂ ಗಣಿತದ ಪ್ರಕಾರವೇ ಇದೆ. ಆದರೆ ಬ್ರಿಡ್ಜ್‌ನಲ್ಲಿ ಹಾಡು ತನ್ನ ಅಂದಚೆಂದವನ್ನು ಮರೆತು, ವರ್ಷಗಳ ನಂತರ ಅರ್ಧರಾತ್ರಿಯಲ್ಲಿ ಎದ್ದು ಕೂರುವ ಹೆಂಡತಿಯೊಬ್ಬಳ ಚಿತ್ರವನ್ನು ಹೆಚ್ಚುಕಡಿಮೆ ಚೀರುತ್ತ ಕೊಟ್ಟುಬಿಡುತ್ತದೆ. ಆಮೇಲೆ ಬರುವ ಕೋರಸ್ ಅದೇ ಪದ, ಅದೇ ರಾಗವಾಗಿದ್ದರೂ ಅದೇ ಹಾಡಾಗಿ ಕೇಳಿಸುವುದಿಲ್ಲ. ಹಾಡಿನ ಅಂಚಿನಲ್ಲಿ ಬ್ಯಾಟರಿ ತೀರುತ್ತಿರುವ ಟೇಪ್ ರೆಕಾರ್ಡರಿನಂತೆ ಇಡೀ ಸಂಗೀತ ನಿಧಾನವಾಗುತ್ತ, ಕೆಳಗಿಳಿಯುತ್ತ ನಿಲ್ಲುತ್ತದೆ. ಅಲ್ಲಿಯವರೆಗೆ ಬೆರಳನ್ನು ಮುಂದಿನ ಹಾಡಿನ ಗುಂಡಿಯಿಂದ ದೂರ ಇಟ್ಟುಕೊಳ್ಳುವುದು ಒಳ್ಳೆಯದು.